ಯೆರೆಮೀಯನ ಸೊಂಟದಲ್ಲಿ ಇದ್ದದ್ದು ಬೆಲ್ಟೋ, ಪಂಚೆಯೋ?

ಹುಡುಗ ಅಪ್ಪನ ಬೆಲ್ಟ್ ತಂದಿದ್ದ. ಕಪ್ಪು ಚರ್ಮ, ಹೊಳೆಯುವ ಬಕಲ್, ಅವನ ಸೊಂಟಕ್ಕೆ ಎರಡು ಸುತ್ತು ಬರುವಷ್ಟು ಉದ್ದ. ನಮ್ಮ ಚರ್ಚಿನ ಮಕ್ಕಳು ಬೈಬಲ್‌ನಲ್ಲಿ ಬರುವ ಪ್ರವಾದಿ ಯೆರೆಮೀಯನ ಪುಸ್ತಕದ 13ನೇ ಅಧ್ಯಾಯವನ್ನು ಹತ್ತು ನಿಮಿಷದ ನಾಟಕ ಮಾಡುವವರಿದ್ದರು. ವೇಷದ ಉಸ್ತುವಾರಿ ನನ್ನ ತಲೆಗೆ ಬಂದಿತ್ತು. ಕಥೆ ಚಿಕ್ಕದು. ಹೋಗಿ ಒಂದು ನಡುಕಟ್ಟು ಕೊಂಡು ಸೊಂಟಕ್ಕೆ ಕಟ್ಟಿಕೋ ಎಂದು ದೇವರು ಪ್ರವಾದಿಗೆ ಹೇಳುತ್ತಾನೆ. ಆಮೇಲೆ ಅದನ್ನು ಬಂಡೆಯ ಸಂದಿನಲ್ಲಿ ಬಚ್ಚಿಡು ಎನ್ನುತ್ತಾನೆ. ಬಹಳ ದಿನ ಕಳೆದು ಹೋಗಿ ತೆಗೆದರೆ ಅದು ಕೊಳೆತು, ಯಾವ ಕೆಲಸಕ್ಕೂ ಬಾರದ ಹಾಗೆ ಆಗಿರುತ್ತದೆ.

ಹುಡುಗ ಬಕಲ್ ಅನ್ನು ಬೆರಳಲ್ಲಿ ಟಕ್ ಟಕ್ ಅಂತ ಬಡಿದು ಕೇಳಿದ: 'ಅಂಕಲ್, ಬೆಲ್ಟ್ ಹೇಗೆ ಕೊಳೆಯುತ್ತೆ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಟಕಕ್ಕೆ ಇನ್ನೂ ಒಂದೂವರೆ ತಿಂಗಳು ಟೈಮ್ ಇತ್ತು. ಮಕ್ಕಳ ಕೈಯಲ್ಲಿದ್ದ ಇಂಗ್ಲಿಷ್ ಬೈಬಲ್‌ನಲ್ಲಿ 'ಲಿನನ್ ಬೆಲ್ಟ್' ಎಂದೇ ಅಚ್ಚಾಗಿತ್ತು, ಹುಡುಗನದ್ದೇನೂ ತಪ್ಪಿಲ್ಲ. ಸುಮ್ನೆ ಒಂದು ದಾರ ಕಟ್ಟಿ ಮುಗಿಸಬಹುದಿತ್ತು. ಆದರೆ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಆ ಒಂದೂವರೆ ತಿಂಗಳಲ್ಲಿ ನಾನು ಆ ಒಂದು ಪದದ ಹಿಂದೆ ಬಿದ್ದ ಕಥೆ ಇದು.

ಆ ನಡುಕಟ್ಟಿಗೆ ಮೂಲ ಹೀಬ್ರೂನಲ್ಲಿ ಇರುವ ಪದ ಏಜೋರ್. ಹೀಬ್ರೂ ಬೈಬಲ್‌ನಲ್ಲಿ ಇದು ಬರುವುದು ಒಟ್ಟು 14 ಸಲ. ಅದರಲ್ಲಿ 8 ಸಲ ಈ ಒಂದೇ ಕಥೆಯಲ್ಲಿ, ಯೆರೆಮೀಯ 13ರ ಮೊದಲ 11 ವಚನಗಳಲ್ಲಿ. ಅಂದರೆ ಏಜೋರ್ ಏನು ಅಂತ ಗೊತ್ತಾಗಬೇಕಾದರೆ ಇಲ್ಲಿಯೇ ಗೊತ್ತಾಗಬೇಕು. ಉಳಿದವೆಲ್ಲ ಅಲ್ಲೊಂದು ಇಲ್ಲೊಂದು.

ಸೊಂಟಕ್ಕೆ ಕಟ್ಟುವುದಕ್ಕೆ ಹೀಬ್ರೂನಲ್ಲಿ ಬೇರೆ ಪದಗಳೂ ಇವೆ. ಹೆಚ್ಚು ಕಾಣುವುದು ಹಗೋರಾ, ಹಗೋರ್. ಇದು ನಿಜವಾಗಿಯೂ ನಮ್ಮ ಬೆಲ್ಟಿನ ಹತ್ತಿರದ್ದು. ಯೋನಾತಾನನು ದಾವೀದನಿಗೆ ಸ್ನೇಹದ ಗುರುತಾಗಿ ಮೇಲಂಗಿ, ಕತ್ತಿ, ಬಿಲ್ಲಿನ ಜೊತೆ ಕೊಟ್ಟದ್ದು ಹಗೋರ್. ಅಬ್ಷಾಲೋಮನನ್ನು ಕೊಂದಿದ್ದರೆ ಹತ್ತು ಬೆಳ್ಳಿ ನಾಣ್ಯ, ಜೊತೆಗೆ ಒಂದು ಹಗೋರಾ ಕೊಡುತ್ತಿದ್ದೆ ಅಂತ ಸೇನಾಪತಿ ಯೋವಾಬ ಒಬ್ಬ ಸೈನಿಕನಿಗೆ ಹೇಳುತ್ತಾನೆ. ಇನಾಮು ಕೊಡುವಷ್ಟು ಬೆಲೆಯ ವಸ್ತು. ಜ್ಞಾನೋಕ್ತಿಗಳ ಕೊನೆಯಲ್ಲಿ ಬರುವ ಗಟ್ಟಿಗಿತ್ತಿ ಹೆಂಗಸು ಮನೆಯಲ್ಲೇ ಹಗೋರ್ ಮಾಡಿ ವ್ಯಾಪಾರಿಗೆ ಮಾರುತ್ತಾಳೆ. ಆದರೆ ಏದೆನ್ ತೋಟದಲ್ಲಿ ಆದಾಮ, ಹವ್ವ ಅಂಜೂರದ ಎಲೆ ಹೊಲಿದು ಮಾಡಿಕೊಂಡದ್ದೂ ಹಗೋರಾಗಳೇ. ಎಲೆಯ ಬೆಲ್ಟ್ ಕಟ್ಟಿ ಮಾನ ಮುಚ್ಚಿಕೊಳ್ಳಲು ಆಗುತ್ತದೆಯೇ? ಅಲ್ಲಿಯೇ ಪದ ಸ್ವಲ್ಪ ಅಗಲವಾಗಿದೆ.

ಮೂರನೆಯದು ಅವ್ನೇಟ್. ಇದು ಯಾಜಕರ ಉಡುಪಿನ ಪಟ್ಟಿ. ವಿಮೋಚನಕಾಂಡ, ಯಾಜಕಕಾಂಡ ಬಿಟ್ಟರೆ ಯೆಶಾಯನಲ್ಲಿ ಒಮ್ಮೆ, ಒಬ್ಬ ಅರಮನೆ ಅಧಿಕಾರಿಯ ಮೇಲೆ, ಕಾಣುತ್ತದೆ. ಈಜಿಪ್ಟಿನ ಭಾಷೆಯಿಂದ ಬಂದದ್ದು ಎಂದು ಬಹಳ ವಿದ್ವಾಂಸರು ಹೇಳುತ್ತಾರೆ. ಅದರ ಉದ್ದ 32 ಮೊಳ ಅಂತ ಯೆಹೂದಿ ಸಂಪ್ರದಾಯ ಲೆಕ್ಕ ಇಟ್ಟಿದೆ. ಹತ್ತಾರು ಸುತ್ತು ಸುತ್ತಿಕೊಳ್ಳಬೇಕು! ಮದುವೆಯಲ್ಲಿ ಪೇಟ ಸುತ್ತಿಸಿಕೊಂಡವರಿಗೆ ಆ ಕಷ್ಟ ಗೊತ್ತು. ಯೆರೆಮೀಯ ಅನಾತೋತ್ ಊರಿನ ಯಾಜಕರ ಮನೆತನದವನು. ಆದರೂ ಅವನಿಗೆ ಕೊಳ್ಳಲು ಹೇಳಿದ್ದು ಅವ್ನೇಟ್ ಅಲ್ಲ, ಹಗೋರಾ ಅಲ್ಲ. ಏಜೋರ್.

ಹಾಗಾದರೆ ಏಜೋರ್ ಏನು? ವಚನಗಳನ್ನೇ ನೋಡಿದೆ. ಮೊದಲ ವಚನದಲ್ಲಿಯೇ ಮೂರು ಮಾತು. ನಾರುಬಟ್ಟೆಯ ಏಜೋರ್ ಕೊಂಡುಕೋ. ಸೊಂಟಕ್ಕೆ ಹಾಕಿಕೋ. ನೀರಿಗೆ ಹಾಕಬೇಡ.

ಮೂರನೇ ಮಾತಿಗೆ ನಾನು ನಿಂತುಬಿಟ್ಟೆ. ಬೆಲ್ಟ್ ಒಗೆಯಬೇಡ ಅಂತ ಯಾರಾದರೂ ಹೇಳುತ್ತಾರಾ? ಬೆಲ್ಟ್ ಒಗೆಯುವವರು ಯಾರಿದ್ದಾರೆ? ದಿನಾ ನೀರಿಗೆ ಬೀಳುವ ಬಟ್ಟೆಗೆ ಮಾತ್ರ ಆ ಅಪ್ಪಣೆಗೆ ಅರ್ಥ ಇದೆ. ಮೈಗೆ ತಾಗುವ, ಬೆವರು ಕುಡಿಯುವ, ಸಂಜೆ ಹಿಂಡಿ ಹರವುವ ಬಟ್ಟೆ. ಬೆವರಿನ ಕೊಳೆ ಹಾಗೇ ಉಳಿದು ಬಟ್ಟೆ ಬೇಗ ಕೊಳೆಯಲಿ ಅಂತಲೇ ಈ ಅಪ್ಪಣೆ ಎಂಬ ವಾದ ಹಳೆಯ ವ್ಯಾಖ್ಯಾನಗಳಲ್ಲಿ ಇದೆ. ಅಂಗಡಿಯಿಂದ ಬಂದ ಹೊಸತನ ಕೆಡದಿರಲಿ ಅಂತ ಎಂದು ಹೇಳುವವರೂ ಇದ್ದಾರೆ. ಎರಡೂ ಕಡೆಯವರು ಒಂದು ಮಾತನ್ನು ಒಪ್ಪಿಕೊಂಡೇ ಜಗಳ ಆಡುತ್ತಾರೆ: ಇದು ಒಗೆಯುವ ಬಟ್ಟೆ.

ನಾರುಬಟ್ಟೆ ಅಂದೆ. ಅದು ಅಗಸೆ ಗಿಡದ ನಾರು. ಉತ್ತರ ಕರ್ನಾಟಕದವರು ರೊಟ್ಟಿ ಜೊತೆ ಚಟ್ನಿಪುಡಿ ಮಾಡಿ ತಿನ್ನುವ ಅದೇ ಅಗಸೆ. ನಾವು ಬೀಜ ತಿಂದೆವು, ಅವರು ದಂಟು ಉಟ್ಟರು. ದಂಟನ್ನು ನೀರಲ್ಲಿ ನೆನೆಹಾಕಿ, ಮೆತ್ತನೆಯ ಭಾಗ ಕೊಳೆಯಿಸಿ, ನಾರು ಬಿಡಿಸಿ ನೂಲುತ್ತಾರೆ. ಆಮೇಲೆ ನೇಯ್ದ ಬಟ್ಟೆ ಒಗೆದಷ್ಟೂ ಮೆತ್ತಗಾಗುತ್ತದೆ. ಯೆರೆಮೀಯನ ಪಾಲಿಗೆ ಮಾತ್ರ ಅಗಸೆಯ ಬಟ್ಟೆಗೆ ಅಗಸರ ಕಲ್ಲು ನಿಷೇಧ.

ಇನ್ನು 11ನೇ ವಚನ. ಈ ಪ್ರಕರಣದ ತೀರ್ಪು ಇಲ್ಲಿಯೇ ಇದೆ ಅನ್ನೋದು ನನ್ನ ಅಭಿಪ್ರಾಯ. ಏಜೋರ್ ಮನುಷ್ಯನ ಸೊಂಟಕ್ಕೆ ಹೇಗೆ ಅಂಟಿಕೊಳ್ಳುತ್ತದೋ ಹಾಗೆ ಇಸ್ರಾಯೇಲ್ಯರನ್ನೂ ಯೆಹೂದ್ಯರನ್ನೂ ನನಗೆ ಅಂಟಿಸಿಕೊಂಡಿದ್ದೆ ಎಂದು ದೇವರು ಹೇಳುತ್ತಾನೆ. ಕ್ರಿಯಾಪದ ದಾವಕ್. ಗಂಡ ತನ್ನ ಅಪ್ಪ ಅಮ್ಮನನ್ನು ಬಿಟ್ಟು ಹೆಂಡತಿಗೆ ಅಂಟಿಕೊಳ್ಳುತ್ತಾನೆ ಎಂದು ಆದಿಕಾಂಡದ 2ನೇ ಅಧ್ಯಾಯದಲ್ಲಿ ಬರುವುದು ಇದೇ ಪದ. ಇವತ್ತಿನ ಇಸ್ರೇಲಿನಲ್ಲಿ ಅಂಗಡಿಗೆ ಹೋಗಿ ದೇವೆಕ್ ಕೇಳಿದರೆ ಗೋಂದು ಕೊಡುತ್ತಾರೆ. ಅದೂ ಇದೇ ಧಾತು.

ಬೆಲ್ಟ್ ಅಂಟುವುದಿಲ್ಲ. ಬಿಗಿಯುತ್ತದೆ, ಒತ್ತುತ್ತದೆ, ಊಟ ಜಾಸ್ತಿಯಾದರೆ ಒಂದು ತೂತು ಹಿಂದೆ ಹೋಗುತ್ತದೆ. ಮೈಗೆ ಅಂಟುವುದು ಒಳಗಿನ ಬಟ್ಟೆ. ಏಪ್ರಿಲ್ ಮಧ್ಯಾಹ್ನ ಬಸ್ಸಿನ ರೆಕ್ಸಿನ್ ಸೀಟಿನಿಂದ ಎದ್ದವರಿಗೆ ಈ ವಚನಕ್ಕೆ ವ್ಯಾಖ್ಯಾನ ಬೇಡ. ದೇವರು ತನ್ನ ಜನಕ್ಕೆ ಕೊಟ್ಟ ಹೋಲಿಕೆ ಇಷ್ಟು ಮೈಹತ್ತಿರದ್ದು, ಸ್ವಲ್ಪ ಮುಜುಗರದ್ದು ಕೂಡ. ಅನುವಾದಕರು ಅದಕ್ಕೇ ಹಿಂಜರಿದರೇನೋ.

ಹಿಂಜರಿದದ್ದಕ್ಕೆ ಸಾಕ್ಷಿ ಇದೆ. ಹೀಬ್ರೂ ಬೈಬಲನ್ನು ಹಳೆಯ ಕಾಲದಲ್ಲಿ ಗ್ರೀಕಿಗೆ ತಂದವರು ಯೆರೆಮೀಯನ ಏಜೋರ್‌ಗೆ ಪೆರಿಜೋಮಾ ಎಂದರು, ಅಂದರೆ ಸೊಂಟದ ಸುತ್ತ ಉಡುವ ಬಟ್ಟೆ. ಆದಾಮನ ಅಂಜೂರದ ಎಲೆಗೂ ಅದೇ ಪದ ಹಾಕಿದ್ದಾರೆ. ಲ್ಯಾಟಿನ್‌ನಲ್ಲಿ ಜೆರೋಮ್ ಲುಂಬಾರೆ ಎಂದ, ಸೊಂಟದ ಬಟ್ಟೆ. ಅಲ್ಲಿಯವರೆಗೆ ದಾರಿ ಸರಿಯಾಗಿತ್ತು. 1611ರ ಕಿಂಗ್ ಜೇಮ್ಸ್ ಬೈಬಲ್ 'ಗರ್ಡಲ್' ಎಂದಿತು. 1952ರ ಪರಿಷ್ಕೃತ ಇಂಗ್ಲಿಷ್ ಬೈಬಲ್ ಮತ್ತೆ ಸೊಂಟದ ಬಟ್ಟೆಗೆ ಬಂತು, 1989ರದ್ದು ಇನ್ನೂ ಬಿಚ್ಚಿ 'ಲಾಯಿನ್‌ಕ್ಲಾತ್' ಎಂದಿತು. ನಮ್ಮ ಮಕ್ಕಳ ಕೈಯಲ್ಲಿ ಇದ್ದದ್ದು ಬೆಲ್ಟ್ ಎನ್ನುವ ಪ್ರತಿ. ಕನ್ನಡ ಬೈಬಲ್ ಓದುವವರಿಗೆ ಪರಿಚಯ ಇರುವ 'ನಡುಕಟ್ಟು' ಜಾಣ ಪದ. ನಡುವಿಗೆ ಕಟ್ಟಿದ್ದು ಅಂತಷ್ಟೇ ಹೇಳುತ್ತದೆ. ಅಗಲ ಎಷ್ಟು ಅಂತ ಬಾಯಿ ಬಿಡುವುದಿಲ್ಲ.

ಇಷ್ಟು ಹೊತ್ತಿಗೆ ನನಗೆ ಅರಬ್ಬಿಯ ನೆನಪಾಯಿತು. ಹೀಬ್ರೂ, ಅರಬ್ಬಿ ದಾಯಾದಿ ಭಾಷೆಗಳು. ಅರಬ್ಬಿಯಲ್ಲಿ 'ಆ' ಎಂದು ಉದ್ದ ಎಳೆಯುವ ಎಷ್ಟೋ ಕಡೆ ಹೀಬ್ರೂ 'ಓ' ಎನ್ನುತ್ತದೆ. ಅಲ್ಲಿ ಸಲಾಮ್, ಇಲ್ಲಿ ಶಾಲೋಮ್. ಹಾಗಾದರೆ ಏಜೋರ್‌ಗೆ ಅಲ್ಲಿ ಏನಿರಬೇಕು? ಇಜಾರ್. ಇದೆ! ಶಬ್ದಕೋಶಗಳು ಎರಡನ್ನೂ ಅಕ್ಕಪಕ್ಕ ಇಡುತ್ತವೆ. ಇಜಾರ್ ಅಂದರೆ ಸೊಂಟದಿಂದ ಕೆಳಗೆ ಸುತ್ತಿಕೊಳ್ಳುವ ಹೊಲಿಯದ ಬಟ್ಟೆ. ಹಜ್ ಯಾತ್ರೆಯಲ್ಲಿ ಗಂಡಸರು ಉಡುವ ಎರಡು ಬಿಳಿ ಬಟ್ಟೆಗಳಲ್ಲಿ ಕೆಳಗಿನದು ಇಜಾರ್, ಮೇಲಿನದು ರಿದಾ. ನಮ್ಮ ಕಣ್ಣಿಗೆ ಅದು ಪಂಚೆ, ಲುಂಗಿ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಆ ಇಜಾರ್ ಅರಬ್ಬಿಯಿಂದ ಪಾರಸಿಗೆ, ಅಲ್ಲಿಂದ ಉರ್ದುವಿಗೆ ಬಂದು, ದಾರಿಯಲ್ಲಿ ಹೊಲಿಗೆ ಹಾಕಿಸಿಕೊಂಡು ಪೈಜಾಮ ಆಯಿತು. ನಮ್ಮಲ್ಲಿಗೂ ಬಂತು. ಹಳೆಯ ತಲೆಮಾರಿನವರ ಬಾಯಲ್ಲಿ ಕೇಳಿದ್ದೀರಲ್ಲ, ಇಜಾರ, ಇಜಾರದ ಲಾಡಿ? ಅದೇ. (ಜಮೀನು ಗುತ್ತಿಗೆಯ ಇಜಾರೆ ಬೇರೆ, ಅದು ಇನ್ನೊಂದು ಅರಬ್ಬಿ ಪದ. ಬೆರೆಸಬೇಡಿ.) ಯೆರೆಮೀಯ ಸೊಂಟಕ್ಕೆ ಕಟ್ಟಿದ ಪದದ ಸೋದರಸಂಬಂಧಿ ನಮ್ಮ ಅಜ್ಜಂದಿರ ಕಾಲಿಗೆ ಏರಿತ್ತು. ಬಟ್ಟೆಯ ಆಕಾರ ಬದಲಾಯಿತು, ಜಾಗ ಮಾತ್ರ ಸೊಂಟವೇ.

ಇಷ್ಟಾದರೂ ಎದುರು ಸಾಕ್ಷಿಗಳನ್ನು ಮುಚ್ಚಿಡಬಾರದು. ಅರಸುಗಳ ಎರಡನೇ ಪುಸ್ತಕದ 1ನೇ ಅಧ್ಯಾಯದಲ್ಲಿ ರಾಜ ಅಹಜ್ಯ ಕಾಯಿಲೆ ಬಿದ್ದಿರುತ್ತಾನೆ. ಅವನ ದೂತರಿಗೆ ದಾರಿಯಲ್ಲಿ ಒಬ್ಬ ಅಡ್ಡ ಬಂದು ಮಾತಾಡಿರುತ್ತಾನೆ. ನೋಡಲು ಹೇಗಿದ್ದ ಅಂತ ರಾಜ ಕೇಳಿದರೆ, ಕೂದಲ ಮನುಷ್ಯ, ಸೊಂಟಕ್ಕೆ ಚರ್ಮದ ಏಜೋರ್ ಎನ್ನುತ್ತಾರೆ. ಅಷ್ಟೇ ಸಾಕು, ಪ್ರವಾದಿ ಎಲೀಯನೇ ಅಂತ ರಾಜ ಗುರುತು ಹಿಡಿಯುತ್ತಾನೆ. ಇಲ್ಲಿ ಗ್ರೀಕಿನವರು ಪದ ಬದಲಿಸಿ ಜೋನೆ ಎಂದರು, ಪಟ್ಟಿ. ಮುಂದೆ ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೋಹಾನನ ಸೊಂಟಕ್ಕೂ ಅದೇ ಚರ್ಮದ ಜೋನೆ ಬಂತು. ಚರ್ಮ ಅಂದ ಮೇಲೆ ಬೆಲ್ಟೇ ಅಲ್ವಾ ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಬಾಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿ ಈಜಿಪ್ಟಿನ ಒಂದು ಚರ್ಮದ ಸೊಂಟಬಟ್ಟೆ ಇದೆ. ಮೈಹೆರ್‌ಪ್ರಿ ಎಂಬ ಅರಮನೆಯ ಯೋಧನದು, ಮೂರು ಸಾವಿರ ವರ್ಷಕ್ಕೂ ಹಳೆಯದು. ಒಂದೇ ಹಾಳೆ ಚರ್ಮದಲ್ಲಿ ಸಣ್ಣ ಸಣ್ಣ ಸೀಳು ಹಾಕಿ ಬಲೆಯ ಹಾಗೆ ಮಾಡಿದ್ದಾರೆ. ಚರ್ಮವನ್ನು ಉಡಬಹುದು ಎಂಬುದಕ್ಕೆ ಅಷ್ಟು ಸಾಕು. ಎಲೀಯನದು ಪಟ್ಟಿಯೋ ಉಡುಗೆಯೋ, ನಾನು ಅದನ್ನು ತೆರೆದೇ ಬಿಡುತ್ತೇನೆ.

ಯೆಹೆಜ್ಕೇಲ 23ರಲ್ಲಿ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಕಲ್ದೀಯ, ಅಂದರೆ ಬಾಬೆಲಿನ, ಅಧಿಕಾರಿಗಳ ಚಿತ್ರ ಬರುತ್ತದೆ. ಸೊಂಟಕ್ಕೆ ಏಜೋರ್, ತಲೆಯಿಂದ ಇಳಿಬಿದ್ದ ಪೇಟ. ಅಲ್ಲಿ ಒಳಬಟ್ಟೆ ಕೂರುವುದಿಲ್ಲ. ಅದು ಅಲಂಕಾರದ ಪಟ್ಟಿಯೇ ಇರಬೇಕು. ಪದ ಹಿಗ್ಗುತ್ತದೆ ಅಂತ ಒಪ್ಪಿಕೊಂಡೆ.

ಯೋಬ 12ರಲ್ಲಿ ಮಾತ್ರ ಬೆಲ್ಟ್ ಎಂದರೆ ಅರ್ಥವೇ ತಲೆಕೆಳಗಾಗುತ್ತದೆ. ದೇವರು ರಾಜರ ಬಂಧನ ಬಿಚ್ಚಿ ಅವರ ಸೊಂಟಕ್ಕೆ ಏಜೋರ್ ಕಟ್ಟುತ್ತಾನೆ ಎಂದಿದೆ. ಹಿಂದಿನ ವಚನದಲ್ಲಿ ಮಂತ್ರಿಗಳನ್ನು ಬಟ್ಟೆ ಕಿತ್ತು ನಡೆಸುತ್ತಾನೆ, ಮುಂದಿನದರಲ್ಲಿ ಯಾಜಕರಿಗೂ ಅದೇ ಗತಿ. ನಡುವೆ ರಾಜರಿಗೆ ಮಾತ್ರ ಒಳ್ಳೇ ಬೆಲ್ಟ್ ತೊಡಿಸಿ ಸನ್ಮಾನ ಮಾಡುತ್ತಾನಾ? ಕೈದಿಗೆ, ಆಳಿಗೆ ಉಳಿಯುವ ತುಂಡು ಬಟ್ಟೆ ಅಂತ ಓದಿ, ತಕ್ಷಣ ಕೂರುತ್ತದೆ. ಅಧಿಕಾರ ಹೋದವನಿಗೆ ಲಂಗೋಟಿ.

ಯೆಶಾಯನ ಎರಡು ಜಾಗಗಳಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. ಒಂದರಲ್ಲಿ ದಂಡೆತ್ತಿ ಬರುವ ಸೈನಿಕರ ಏಜೋರ್ ಸಡಿಲವಾಗುವುದಿಲ್ಲ, ಕೆರದ ದಾರ ಹರಿಯುವುದಿಲ್ಲ. ಇನ್ನೊಂದು ಎಲ್ಲರಿಗೂ ಗೊತ್ತಿರುವ 11ನೇ ಅಧ್ಯಾಯ, ಬರಲಿರುವ ರಾಜನಿಗೆ ನೀತಿಯೇ ಏಜೋರ್ ಎನ್ನುವುದು.

ಹೇಳಲೇಬೇಕಾದ್ದು ಯೆರೆಮೀಯನ ಕರೆಯ ದಿನದ ಮಾತು. ಪುಸ್ತಕದ 1ನೇ ಅಧ್ಯಾಯದ 17ನೇ ವಚನದಲ್ಲಿ ದೇವರು ಅವನಿಗೆ, ಏಜೋರ್ ಹುಟ್ಟಿದ ಅದೇ ಧಾತುವಿನಲ್ಲಿ, ಸೊಂಟ ಕಟ್ಟಿಕೋ, ಎದ್ದು ಹೇಳು ಎನ್ನುತ್ತಾನೆ. ಕನ್ನಡದಲ್ಲಿ ಇದಕ್ಕೆ ಹುಡುಕಾಡಬೇಕಿಲ್ಲ. ಟೊಂಕ ಕಟ್ಟಿ ನಿಲ್ಲು. ಗದ್ದೆಗೆ ಇಳಿಯುವವನು, ಕುಸ್ತಿಗೆ ನಿಲ್ಲುವವನು ಉಟ್ಟ ಬಟ್ಟೆಯನ್ನೇ ಎತ್ತಿ ಸೊಂಟಕ್ಕೆ ಬಿಗಿಯುತ್ತಾನಲ್ಲ, ಆ ಚಿತ್ರ. ಅಲ್ಲಿಯೂ ಕಟ್ಟುವುದು ಬೆಲ್ಟಲ್ಲ, ಬಟ್ಟೆಯೇ. ಯೋಶೀಯ ರಾಜನ 13ನೇ ವರ್ಷ, ಅಂದರೆ ಕ್ರಿ.ಪೂ. 627ರ ಹೊತ್ತಿಗೆ ಟೊಂಕ ಕಟ್ಟಿದ ಮನುಷ್ಯನಿಗೆ ಮುಂದೆ ಒಂದು ದಿನ, ಆ ಟೊಂಕದ ಬಟ್ಟೆ ಬಿಚ್ಚಿ ಹೂತಿಡು ಎಂಬ ಅಪ್ಪಣೆ ಬಂತು.

ಎಲ್ಲಿ ಹೂತಿಡಬೇಕು? ಪೆರಾತ್‌ನಲ್ಲಿ, ಬಂಡೆಯ ಬಿರುಕಿನಲ್ಲಿ. ಪೆರಾತ್ ಎಂದರೆ ಸಾಮಾನ್ಯವಾಗಿ ಯೂಫ್ರೆಟಿಸ್ ನದಿ. ಅಲ್ಲಿಗೆ ಹೋಗಿ ಬರುವುದು ಹುಡುಗಾಟವಲ್ಲ. ಮುಂದಿನ ಕಾಲದ ಯಾಜಕ ಎಜ್ರನು ಅದೇ ನದಿಯ ದಂಡೆಯ ಬಾಬೆಲಿನಿಂದ ಜೆರುಸಲೇಮಿಗೆ ಬರಲು ಒಂದನೇ ತಿಂಗಳ ಒಂದರಂದು ಹೊರಟು ಐದನೇ ತಿಂಗಳ ಒಂದರಂದು ಮುಟ್ಟಿದ. ನಾಲ್ಕು ತಿಂಗಳು, ಒಂದು ಕಡೆಗೆ. ಬಚ್ಚಿಡಲು ಒಮ್ಮೆ, ತೆಗೆಯಲು ಒಮ್ಮೆ, ಎರಡು ಸಲ ಹೋಗಿ ಬರಬೇಕು. ಇದೆಲ್ಲ ದರ್ಶನದಲ್ಲಿ ನಡೆದದ್ದು ಎಂದು ಕೆಲವರು ಹೇಳುವುದು ಇದಕ್ಕೇ.

ಇನ್ನೊಂದು ದಾರಿ ಇದೆ, ಅದು ನನಗೆ ಇಷ್ಟ. ಬೆನ್ಯಾಮೀನ್ ಕುಲದ ಊರುಗಳ ಪಟ್ಟಿಯಲ್ಲಿ ಪಾರಾ ಎಂಬ ಊರಿದೆ. ಅನಾತೋತ್‌ನಿಂದ ನಡೆದುಹೋಗುವಷ್ಟು ಹತ್ತಿರ ಒಂದು ಕಣಿವೆ, ವಾದಿ ಫಾರಾ. ಬೇಸಿಗೆಯಲ್ಲೂ ಬತ್ತದ ಊಟೆ, ಎರಡೂ ಕಡೆ ಸುಣ್ಣಕಲ್ಲಿನ ಬಂಡೆ, ಬಂಡೆಯಲ್ಲಿ ಬಿರುಕು. 'ಪಾರಾಗೆ' ಎನ್ನುವುದಕ್ಕೂ 'ಪೆರಾತ್‌ಗೆ' ಎನ್ನುವುದಕ್ಕೂ ಹೀಬ್ರೂ ಬರವಣಿಗೆಯಲ್ಲಿ ಬಹಳ ಸಣ್ಣ ಅಂತರ. ಈಗ ಆ ಜಾಗದ ಹೀಬ್ರೂ ಹೆಸರೇ ಏನ್ ಪ್ರಾತ್. ಊರಿನ ಹಿಂದಿನ ಹಳ್ಳಕ್ಕೆ ಹೋಗಿ, ದೊಡ್ಡ ನದಿಯ ಹೆಸರು ನೆನಪಿಸುವ ಜಾಗದಲ್ಲಿ ಬಟ್ಟೆ ಹೂತು ಬಂದ. ಕೇಳಿದ ಊರವರ ಕಿವಿಗೆ ಬಾಬೆಲ್ ಬಿದ್ದೇ ಬೀಳುತ್ತದೆ. ಇದನ್ನು ನೂರಕ್ಕೆ ನೂರು ಸಾಬೀತು ಮಾಡಲು ಆಗುವುದಿಲ್ಲ. ಇದೇ ಪುಸ್ತಕದ 51ನೇ ಅಧ್ಯಾಯದಲ್ಲಿ ಕಲ್ಲು ಕಟ್ಟಿದ ಸುರುಳಿಯನ್ನು ಎಸೆಯುವ ಪೆರಾತ್ ಖಂಡಿತ ಯೂಫ್ರೆಟಿಸ್ಸೇ.

ಬಟ್ಟೆ ಕೊಳೆತದ್ದು ಯಾಕೆ ಎಂಬುದಕ್ಕೂ ಜಾಗ ಮುಖ್ಯ. ನಾರುಬಟ್ಟೆ ಸುಲಭಕ್ಕೆ ಸಾಯುವುದಿಲ್ಲ. ಮೃತ ಸಮುದ್ರದ ಪಕ್ಕದ ಕುಮ್ರಾನ್ ಗುಹೆಗಳಲ್ಲಿ ಸುರುಳಿಗಳಿಗೆ ಸುತ್ತಿದ್ದ ನಾರುಬಟ್ಟೆ ಎರಡು ಸಾವಿರ ವರ್ಷ ಒಣಗಿ ಉಳಿದು, ಕೊನೆಗೆ ಪ್ರಯೋಗಾಲಯದಲ್ಲಿ ತನ್ನ ವಯಸ್ಸು ತಾನೇ ಹೇಳಿತು. ಅದೇ ಬಟ್ಟೆ ಒದ್ದೆ ಮಣ್ಣಿನಲ್ಲಿ ಹಾಗಿರುವುದಿಲ್ಲ. ಯೆರೆಮೀಯ 'ಅಗೆದು ತೆಗೆದೆ' ಎನ್ನುತ್ತಾನೆ. ಅಂದರೆ ಸುಮ್ನೆ ಇಟ್ಟದ್ದಲ್ಲ, ಹೂತದ್ದು.

ಅದನ್ನು ನಾನು ಪರೀಕ್ಷೆ ಮಾಡಿಯೂ ನೋಡಿದೆ. ಲಿನನ್ ಬೆಲೆ ಕೇಳಿ ಹತ್ತಿಗೇ ಇಳಿದೆ. ಒಂದು ಹತ್ತಿ ಪಂಚೆ ತಂದು, ಅರ್ಧ ಹರಿದು, ಹಿತ್ತಲಲ್ಲಿ ಒಗೆಯುವ ಕಲ್ಲಿನ ಬುಡದ ಹಸಿ ಮಣ್ಣಿನಲ್ಲಿ ಹೂತೆ. ತಿಂಗಳ ಮೇಲೆ ತೆಗೆದಾಗ ಅಂಚು ಗಟ್ಟಿಯಾಗಿತ್ತು. ನಡುವಿನ ಭಾಗ ಬೆರಳು ತಾಗಿಸಿದರೆ ಸಾಕು, ಒದ್ದೆ ಹಪ್ಪಳದ ಹಾಗೆ ಬಿಟ್ಟುಕೊಂಡು ಬಂತು. ಕಪ್ಪು ಚುಕ್ಕೆ, ಹಳದಿ ಕಲೆ, ಕೆರೆಯ ತಳದ ವಾಸನೆ. ಹುಡುಗ ಮೂಗು ಮುಚ್ಚಿಕೊಂಡು ಖುಷಿಪಟ್ಟ. ಎರಡನೇ ದೃಶ್ಯಕ್ಕೆ ಅದು ತಯಾರು.

ಇಲ್ಲಿ ಒಂದು ತಮಾಷೆಯನ್ನೂ ಹೇಳಿಬಿಡುತ್ತೇನೆ. ಇವತ್ತು ಇಸ್ರೇಲಿನ ಮಕ್ಕಳು ಈ ಅಧ್ಯಾಯ ಓದಿದರೆ ಅವರಿಗೂ ಮೊದಲು ಗೊಂದಲವೇ. ಈಗಿನ ಹೀಬ್ರೂನಲ್ಲಿ ಏಜೋರ್ ಅಂದರೆ ಪ್ರದೇಶ, ವಲಯ. ಗ್ರೀಕಿನ ಜೋನೆ ಎಂಬ ಸೊಂಟಪಟ್ಟಿ ಭೂಮಿಯ ಸುತ್ತಲಿನ ಹವಾಮಾನದ ಪಟ್ಟಿಯಾಯಿತು, ಇಂಗ್ಲಿಷಿನ 'ಜೋನ್' ಬಂದದ್ದೂ ಅಲ್ಲಿಂದಲೇ. ಹೀಬ್ರೂ ಏಜೋರ್ ಕೂಡ ಅದೇ ದಾರಿ ಹಿಡಿಯಿತು. ಬೆಲ್ಟಿಗೆ ಈಗ ಅವರು ಹೇಳುವುದು ಹಗೋರಾ. ಕಾರಿನ ಸೀಟ್ ಬೆಲ್ಟೂ ಹಗೋರಾವೇ. ನಮ್ಮದೂ ಹಾಗೇ ಆಗಿದೆ. ವಲಯ ಮೊದಲು ಕೈಬಳೆ, ಈಗ ಉಷ್ಣವಲಯ, ಅರಣ್ಯ ವಲಯ.

ಕೊನೆಗೆ ತೀರ್ಮಾನ ಹೀಗಾಯಿತು. ಬೆಲ್ಟ್ ಬೇಡ. ಉಳಿದ ಅರ್ಧ ಪಂಚೆಯನ್ನು ಸೊಂಟದಿಂದ ತೊಡೆಯ ಮಧ್ಯದವರೆಗೆ ಸುತ್ತಿ, ತುದಿಯನ್ನು ಪಕ್ಕಕ್ಕೆ ಸಿಕ್ಕಿಸುವುದು. ಒಳಗೆ ಚಡ್ಡಿ ಇರಲಿ ಅಂತ ತಾಯಂದಿರು ಸೇರಿಸಿದರು, ನಾನು ಮೊದಲೇ ಯೋಚಿಸಿದ್ದೆ. 'ಅವರು ನನಗೆ ಜನವೂ ಹೆಸರೂ ಹೊಗಳಿಕೆಯೂ ಅಂದವೂ ಆಗಬೇಕಿತ್ತು' ಎಂದು 11ನೇ ವಚನ ಹೇಳುತ್ತದಲ್ಲ, ಅದು ಒಳಬಟ್ಟೆಗೆ ಹೊಂದುತ್ತದಾ ಅಂತ ಒಬ್ಬರು ಕೇಳಿದರು. ಒಳ್ಳೇ ಪ್ರಶ್ನೆ. ಜರಿ ಅಂಚಿನ ಪಂಚೆ ಉಟ್ಟವರ ನಡಿಗೆ ನೋಡಿ ಅಂದೆ. ಅಂಚು ಕಾಣುವ ಹಾಗೆ ಸುತ್ತಿದೆವು.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಆ ಅರ್ಧ ಪಂಚೆಯನ್ನು ಒಗೆಯಲು ಬಿಡಲಿಲ್ಲ. ನೀರಿಗೆ ಹಾಕಬೇಡ ಅಂದರೆ ಹಾಕಬಾರದು. ಅಂಗಡಿಯ ಗಂಜಿ ಹಾಗೇ ಇತ್ತು, ಮಡಿಕೆ ಕಾಗದದ ಹಾಗೆ ನಿಂತಿತ್ತು.

ನಾಟಕದ ದಿನ ಸಭಾಂಗಣದಲ್ಲಿ ಸೆಕೆ. ಒಂದು ಫ್ಯಾನ್ ಕೆಟ್ಟಿತ್ತು. ಹುಡುಗ ಮೊದಲ ದೃಶ್ಯದಲ್ಲಿ ಅನಾತೋತ್‌ನಿಂದ ಪೆರಾತ್‌ಗೆ ವೇದಿಕೆಯನ್ನು ಆರು ಸುತ್ತು ಹಾಕಿದ, ಬೆವರು ಇಳಿಯುತ್ತಿತ್ತು. ಥರ್ಮಾಕೋಲ್ ಬಂಡೆಯ ಮುಂದೆ ನಿಂತು ನಡುಕಟ್ಟು ಬಿಚ್ಚಬೇಕು. ತುದಿ ಹಿಡಿದು ಎಳೆದ. ಬರಲಿಲ್ಲ. ಇನ್ನೊಮ್ಮೆ ಎಳೆದ. ಗಂಜಿ ಕರಗಿ ಬಟ್ಟೆ ಮೈಗೆ ಹತ್ತಿಕೊಂಡಿತ್ತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವನು ಪರದೆಯ ಪಕ್ಕ ನಿಂತಿದ್ದ ನನ್ನ ಕಡೆ ತಿರುಗಿ, ಇಡೀ ಸಭೆಗೆ ಕೇಳುವ ಹಾಗೆ ಕೂಗಿದ:

'ಅಂಕಲ್, ಅಂಟ್ಕೊಂಡಿದೆ!'